ಪಂಚಮಿಗೆ ಬಿಚ್ಚುವ ಇಂಜಿನ್

ಅವನ ಸ್ಕ್ರೂಡ್ರೈವರಿನ ಮರದ ಹಿಡಿಕೆಯ ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು. ಒಂದೆರಡಲ್ಲ, ಸುತ್ತಲೂ, ಎಳೆಗರು ಗೂಟವನ್ನು ಕಚ್ಚಿ ಕಚ್ಚಿ ಇಟ್ಟಂತೆ. ಮೊದಲ ಸಲ ನೋಡಿದಾಗ ಇಲಿ ಕಡಿದಿರಬೇಕು ಅಂದುಕೊಂಡೆ. "ಅಣ್ಣಾರ, ನಿಮ್ಮ ಮನ್ಯಾಗ ಇಲಿಗೆ ತಿನ್ನಾಕ ಜ್ವಾಳಾ ಇಲ್ಲೇನ್ರಿ? ಕಟಗಿ ತಿನ್ನಾಕತ್ತಾವು" ಎಂದು ಚೇಷ್ಟೆ ಮಾಡಿದೆ. ಅವನು ಟೊಪ್ಪಿಗೆ ಸರಿಮಾಡಿಕೊಂಡು, ನಕ್ಕು ಮಾತು ಹಾರಿಸಿದ. ಅವು ಅವನದೇ ಹಲ್ಲಿನ ಗುರುತುಗಳೆಂದು ನನಗೆ ತಿಳಿದದ್ದು ಆಮೇಲೆ.

ಹೊರ್ತಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಅತ್ತೆಯ ಕಾಲದ್ದು. ನಮ್ಮವರು ಹೊಲ ನೋಡಿಕೊಂಡರು, ಗಿರಣಿ ನನ್ನ ಕೊರಳಿಗೆ ಬಿತ್ತು. ಮದುವೆಯಾಗಿ ಸಿಂದಗಿ ಕಡೆಯಿಂದ ಬಂದವಳಿಗೆ ಕೈಗೆ ಬಂದದ್ದು ಲಟ್ಟಣಿಗೆಯಲ್ಲ, ಇಂಜಿನ್ನಿನ ಹ್ಯಾಂಡಲ್. ಆ ಇಂಜಿನ್ನನ್ನು ನೋಡಿಕೊಳ್ಳುತ್ತಿದ್ದವನು ಇಂಡಿ ಊರಿನ ಮಿಸ್ತ್ರಿ. ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದೆ, ಎದುರಿಗೆ ಒಮ್ಮೆಯೂ 'ರೀ' ಬಿಟ್ಟು ಮಾತಾಡಿದವಳಲ್ಲ. ಬರೆಯಲು ಕುಳಿತರೆ ಏಕವಚನವೇ ಬರುತ್ತದೆ. ಒಡಹುಟ್ಟಿದವನ ಬಗ್ಗೆ ಹಾಗೇ ತಾನೇ ಬರೆಯುವುದು.

ಅದು ಹಳೆಯ ಕಾಲದ ನಿಧಾನದ ಡೀಸೆಲ್ ಇಂಜಿನ್. ನಿಂತಿರುವ ಒಂದೇ ಸಿಲಿಂಡರು, ಎಡಬಲಕ್ಕೆ ಎರಡು ಬೀಡುಕಬ್ಬಿಣದ ಚಕ್ರ. ಗಾಡಿಯ ಗಾಲಿಗಿಂತ ಸಣ್ಣವು, ಆದರೆ ಎತ್ತಲು ಹೋದರೆ ಗಟ್ಟಿ ಆಳುಗಳ ಸೊಂಟ ಹಿಡಿಯುತ್ತದೆ. ಇಂಜಿನ್ನಿನ ತಲೆಯ ಮೇಲಿನ ಕೀಲು ಎತ್ತಿ ಹಿಡಿದು ಹ್ಯಾಂಡಲ್ ತಿರುವಬೇಕು. ಚಕ್ರ ವೇಗ ಹಿಡಿದ ಮೇಲೆ ಕೀಲು ಬಿಟ್ಟರೆ, ಒಳಗಿನ ಗಾಳಿ ಸಿಕ್ಕಿಬಿದ್ದು ಕಾದು, ಡೀಸೆಲ್ ಹನಿ ಹತ್ತಿಕೊಂಡು, ದಡ್ ಎಂದು ಎದ್ದು ಕೂರುತ್ತದೆ. ಬೆಂಕಿಕಡ್ಡಿ ಬೇಡ, ಕರೆಂಟು ಬೇಡ. ಹೊಗೆಕೊಳವೆಯ ತುದಿಗೆ ಒಂದು ತಗಡಿನ ಮುಚ್ಚಳ ಕಟ್ಟಿದ್ದೆವು. ಹೊಗೆ ಬಂದಾಗಲೆಲ್ಲ ಅದು ಟಕ್ ಟಕ್ ಬಡಿಯುತ್ತಿತ್ತು. ಆ ಸದ್ದು ಕೇಳಿಯೇ ಹೆಂಗಸರು ಜೋಳದ ಬುಟ್ಟಿ ಹೊತ್ತು ಮನೆಯಿಂದ ಹೊರಬೀಳುತ್ತಿದ್ದರು.

"ಇದು ನಾಕ ಹೆಜ್ಜಿಗೆ ಒಂದ ಸಲ ದುಡೀತೈತಿ ತಂಗಿ" ಎಂದು ಅಣ್ಣ ಹೇಳುತ್ತಿದ್ದ. "ಗಾಳಿ ಎಳಕೋತೈತಿ, ಒತ್ತತೈತಿ, ಸಿಡೀತೈತಿ, ಹೊಗಿ ಬಿಡತೈತಿ. ದುಡಿಯೂದು ಸಿಡದಾಗ ಅಷ್ಟ. ಉಳದ ಮೂರನ್ನ ಚಕ್ರ ಹೊತಗೊಂಡ ಹೋಗಬೇಕು. ಮನ್ಯಾಗೂ ಹಂಗ. ಗಂಡಸ ಒಮ್ಮಿ ಸಿಡೀತಾನ, ಹೆಣಮಗಳು ಉಳದದ್ದ ಎಳೀತಾಳ."

"ಹಂಗಾರ ಚಕ್ರಕ್ಕ ಒಬ್ಬರೂ ಎಣ್ಣಿ ಯಾಕ ಹಾಕಂಗಿಲ್ಲರಿ?" ಎಂದು ನಾನು ಕೇಳಿದರೆ, "ನಿನ್ನ ಬಾಯಿಗೆ ಗವರ್ನರ್ ಕೂಡಸಬೇಕವಾ" ಅನ್ನುತ್ತಿದ್ದ. ಇಂಜಿನ್ನಿನ ವೇಗ ಮಿತಿಮೀರದಂತೆ ಹಿಡಿಯುವ ಸಾಮಾನಿಗೆ ಗವರ್ನರ್ ಎಂದು ಹೆಸರು. ನನ್ನ ಬಾಯಿ ಗಿರಣಿಯ ಸದ್ದಿಗಿಂತ ಜೋರು ಎಂದು ಊರಿಗೆಲ್ಲ ಗೊತ್ತು.

ಇಂಜಿನ್ ಪೂರ್ತಿ ಬಿಚ್ಚುವುದು ವರ್ಷಕ್ಕೊಮ್ಮೆ, ನಾಗರಪಂಚಮಿಗೆ. ನಮ್ಮ ಕಡೆ ಪಂಚಮಿಗೆ ಮುಂಚೆ ಗಿರಣಿಗೆ ಉಸಿರಾಡಲು ಬಿಡುವಿರುವುದಿಲ್ಲ. ಅಳ್ಳಿಟ್ಟು, ತಂಬಿಟ್ಟು, ಕಡಲೆಹಿಟ್ಟು ಎಂದು ಬುಟ್ಟಿಗಳ ಸಾಲು ರಸ್ತೆಗೆ ಬರುತ್ತದೆ. ಹಬ್ಬ ಶುರುವಾದರೆ ಎಲ್ಲ ಬಂದ್. ಕೊಯ್ಯಬಾರದು, ಹೆಚ್ಚಬಾರದು, ಒಲೆಗೆ ಹಂಚು ಇಡಬಾರದು, ಬೀಸಬಾರದು, ನಾಗಪ್ಪನಿಗೆ ನೋವಾಗುತ್ತದೆ. ಗಿರಣಿ ಬಾಗಿಲು ಹಾಕುವ ಆ ಹಬ್ಬದಲ್ಲೇ ಅಣ್ಣ ಪೆಟ್ಟಿಗೆ ಹೊತ್ತು ಬರುತ್ತಿದ್ದ. ಅತ್ತೆ ಒಮ್ಮೆ ಅಡ್ಡಬಂದರು, ಹಬ್ಬದ ದಿನ ಕಬ್ಬಿಣ ಮುಟ್ಟುತ್ತೀಯಲ್ಲ ಎಂದು. "ಆಯಿ, ನಾ ಬೀಸಂಗಿಲ್ಲ, ಕೊಯ್ಯಂಗಿಲ್ಲ. ಬಿಚ್ಚತೇನಿ, ಕಟ್ಟತೇನಿ. ಇದಕ್ಕ ನಾಗಪ್ಪನೂ ಸಿಟ್ಟಾಗಂಗಿಲ್ಲ" ಎಂದ. ಅತ್ತೆ ಬಾಯಿ ಮುಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯಬೇಕು, ಜೋಕಾಲಿ ಆಡಬೇಕು, ರವಿಕೆಯ ಖಣ ಉಡುಗೊರೆ ಪಡೆದು ತಿರುಗಿ ಬರಬೇಕು. ನನಗೆ ಅಣ್ಣತಮ್ಮಂದಿರಿಲ್ಲ. ಅವ್ವ ಅಪ್ಪ ಹೋದ ಮೇಲೆ ಆ ಊರಿನ ಬಸ್ಸು ಹತ್ತುವ ಕಾರಣವೂ ಉಳಿಯಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಚೀಲ ಹಿಡಿದು ಹೊರಟಾಗ ನಾನು ಗಿರಣಿಯ ಕಲ್ಲು ಉಜ್ಜುತ್ತ ಕೂರುತ್ತಿದ್ದೆ. ಒಂದು ವರ್ಷ ಅಣ್ಣ ಪೆಟ್ಟಿಗೆ ತೆರೆದು, ಸ್ಪ್ಯಾನರುಗಳ ಮೇಲಿಂದ ಹಾಳೆಯಲ್ಲಿ ಸುತ್ತಿದ ಒಂದು ಖಣ ಮತ್ತು ಹಸಿರು ಬಳೆ ತೆಗೆದು ಕೊಟ್ಟ. ಹಾಳೆಗೆ ಎಣ್ಣೆ ಹತ್ತಿತ್ತು.

"ಏನ್ರಿ ಇದು?"

"ಪಂಚಮಿ ಅಲ್ಲೇನವಾ. ನೀ ತವರಿಗೆ ಹೋಗಲಿಲ್ಲಂದ್ರ ತವರು ಬರಬೇಕಲ್ಲ. ಪೆಟಿಗ್ಯಾಗ ಕುಂತ ಬಂದೈತಿ."

ನನಗೆ ಅಳು ಬಂತು. ಜೋರಾಗಿಯೇ ಅತ್ತೆ. ಅಣ್ಣ ಗಾಬರಿಯಾಗಿ, "ಇಂಜಿನಕ್ಕ ನೀರ ಬೀಳತಾವ, ಸರದ ಅಳು" ಎಂದ. ಅಲ್ಲಿಂದ ಪ್ರತಿ ಪಂಚಮಿಗೂ ಪೆಟ್ಟಿಗೆಯಲ್ಲಿ ಖಣ ಬಂತು.

ಅವನ ಕೆಲಸ ನೋಡುವುದೇ ಒಂದು ಹಬ್ಬ. ಮೊದಲು ಬಿಳಿ ಟೊಪ್ಪಿಗೆ ತೆಗೆದು ಮೊಳೆಗೆ ಹಾಕುವನು. ಚಾದಲ್ಲಿ ಸಕ್ಕರೆ ಕಡಿಮೆಯಿದ್ದರೆ ಕೆಲಸ ಶುರುವಾಗುವುದಿಲ್ಲ. ವಾಲ್ವಿಗೆ ಉಜ್ಜಿ ನುಣುಪು ಮಾಡುವ ಪೇಸ್ಟ್ ಹಚ್ಚಿ, ಮಜ್ಜಿಗೆ ಕಡೆಯುವವರಂತೆ ಅಂಗೈಗಳ ನಡುವೆ ಕೋಲು ತಿರುವಿ ಕೂರಿಸುವನು. ಬೇರಿಂಗ್ ಕೂರಿಸಲು ಪೇಟೆಯಲ್ಲಿ ನೀಲಿ ಬಣ್ಣ ಸಿಗುತ್ತದಂತೆ, ಅವನು ನನ್ನ ಕುಂಕುಮದ ಭರಣಿ ಕೇಳುವನು. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಒಳಗಿನ ದಪ್ಪ ದಂಡಕ್ಕೆ ಹಚ್ಚುವುದು, ಬೇರಿಂಗಿನ ಎರಡು ಹೋಳು ಕೂರಿಸಿ ಮೆಲ್ಲಗೆ ತಿರುಗಿಸುವುದು, ಬಿಚ್ಚಿ ನೋಡುವುದು. ಕುಂಕುಮ ಹತ್ತಿದ ಕಡೆ ಉಬ್ಬಿದೆ ಎಂದರ್ಥ. ಅಲ್ಲಿ ಮಾತ್ರ ಉಗುರಿನಷ್ಟು ಹಗುರವಾಗಿ ಕೆರೆಯಬೇಕು. ಮತ್ತೆ ಹಚ್ಚಬೇಕು. ಹೋಳಿನ ತುಂಬ ಕೆಂಪು ಸಮನಾಗಿ ಹರಡುವವರೆಗೆ ಅವನಿಗೆ ಊಟದ ನೆನಪಿರುತ್ತಿರಲಿಲ್ಲ. "ಮುತ್ತೈದಿ ಆತು" ಎಂದು ಆ ಹೋಳನ್ನು ನನಗೆ ತೋರಿಸುವನು.

ಜಂಬವೂ ಇತ್ತು ಅವನಿಗೆ, ಕಡಿಮೆಯೇನಲ್ಲ. ಮುದ್ದೇಬಿಹಾಳದ ತನಕ ತನ್ನ ಕೈ ತಾಕದ ಇಂಜಿನ್ ಇಲ್ಲ ಅನ್ನುವನು. ಬೇರೆ ಮಿಸ್ತ್ರಿಗಳೆಂದರೆ ಅವನ ಲೆಕ್ಕದಲ್ಲಿ ಕಮ್ಮಾರರೂ ಅಲ್ಲ. ಆದರೆ ಅವನ ಕಿವಿ ಮಾತ್ರ ಜಂಬಕ್ಕೆ ತಕ್ಕ ಕಿವಿ. ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ನಮ್ಮ ಇಂಜಿನ್ನಿನ ಸದ್ದು ಕೇಳಿ, ಗಿರಣಿಯ ಮೆಟ್ಟಿಲು ಹತ್ತುವಾಗ, "ನಾಜಲ್ ಹನಕಾಕತ್ತೈತಿ ನೋಡು" ಅನ್ನುವನು. ಬಿಚ್ಚಿದರೆ ಹೌದು, ಡೀಸೆಲ್ ಚಿಮ್ಮುವ ಬದಲು ಹನಿಯುತ್ತಿರುತ್ತಿತ್ತು. ಸ್ಕ್ರೂಡ್ರೈವರಿನ ಮೊನೆಯನ್ನು ಇಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಒಳಗಿನ ಪ್ರತಿಯೊಂದು ಸಾಮಾನೂ ಅವನ ಹತ್ತಿರ ಬಂದು ದೂರು ಹೇಳುತ್ತಿತ್ತು.

ಆ ಕಿವಿ ಯಾವಾಗ ಹೋಯಿತೋ ನಮಗೆ ಯಾರಿಗೂ ತಿಳಿಯಲಿಲ್ಲ. ಗಿರಣಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. ಕಿವುಡನಿಗೂ ಕಿವಿ ಇದ್ದವನಿಗೂ ಅಲ್ಲಿ ವ್ಯತ್ಯಾಸವಿಲ್ಲ. ಒಂದು ಸಲ ಗಾಳಿಗೆ ಹೊಗೆಕೊಳವೆಯ ತಗಡಿನ ಮುಚ್ಚಳ ಹಾರಿಹೋಗಿತ್ತು. ಟಕ್ ಟಕ್ ನಿಂತು, ಬರೀ ಬುಸ್ ಬುಸ್ ಉಳಿದಿತ್ತು. ಗಿರಣಿ ಬಂದ್ ಆಯಿತೇ ಎಂದು ಓಣಿಯವರೆಲ್ಲ ವಿಚಾರಿಸಿದರು. ಅಣ್ಣ ಬಂದ, ಚಾ ಕುಡಿದ, ಇಂಜಿನ್ನಿನ ಪಕ್ಕ ನಿಂತ, ಸದ್ದು ಬದಲಾದದ್ದರ ಬಗ್ಗೆ ಏನೂ ಅನ್ನಲಿಲ್ಲ. ನಾನು ಅವನ ಮುಖವನ್ನೇ ನೋಡಿದೆ. ಆಮೇಲೆ ಅವನು ಆಚೆ ಈಚೆ ನೋಡಿ, ಹಿಡಿಕೆಯನ್ನು ಕಿವಿಗಲ್ಲ, ಎಡದವಡೆಯ ಹಲ್ಲುಗಳ ನಡುವೆ ಕಚ್ಚಿ ಹಿಡಿದ. ಕಣ್ಣು ಮುಚ್ಚಿದ. ಆಗ ಅವನ ಮುಖ ಅರಳಿತು.

ಸಿಕ್ಕಿಬಿದ್ದೆನೆಂದು ಅವನಿಗೂ ತಿಳಿಯಿತು. "ಹಲ್ಲಿಲೆ ಕೇಳಸ್ತೈತಿ ತಂಗಿ. ಕಿವಿಕಿಂತ ಛಲೋ ಕೇಳಸ್ತೈತಿ. ಯಾರ ಮುಂದೂ ಅನಬ್ಯಾಡ" ಎಂದ. ನಾನು ಅನ್ನಲಿಲ್ಲ. ಅವನ ಮನೆಯವರು ಒಂದು ಕಿವಿಯ ಮಷೀನು ಕೊಡಿಸಿದ್ದರಂತೆ. ಇಂಜಿನ್ನಿನ ಹತ್ತಿರ ಹಾಕಿಕೊಂಡರೆ ಸಂತೆಯೆಲ್ಲ ತಲೆಯೊಳಗೆ ನುಗ್ಗಿದಂತೆ ಆಗುತ್ತದೆಂದು ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ.

ಅಷ್ಟರಲ್ಲಿ ಅವನ ಕೆಲಸವೂ ಕಡಿಮೆಯಾಗುತ್ತಿತ್ತು. ಮುಳವಾಡದ ಕಡೆ ಕಾಲುವೆ ಬಂತು, ಉಳಿದ ಕಡೆ ಬೋರಿಗೆ ಕರೆಂಟಿನ ಮೋಟಾರು ಇಳಿಯಿತು. ಹೊಲಕ್ಕೆ ನೀರೆತ್ತುತ್ತಿದ್ದ ಹಳೆಯ ಇಂಜಿನ್ನುಗಳು ಗುಜರಿ ಗಾಡಿ ಹತ್ತಿದವು. ನಮ್ಮಲ್ಲೂ ಮೋಟಾರು ಬಂತು. ಆದರೆ ತ್ರೀಫೇಸ್ ಕರೆಂಟು ಸರದಿಯ ಮೇಲೆ ಬರುವುದು, ಹಬ್ಬದ ಬುಟ್ಟಿಗಳ ಸಾಲು ಸರದಿ ಕೇಳುವುದಿಲ್ಲ. ಇಂಜಿನ್ನನ್ನು ಕೊಡುವುದಿಲ್ಲವೆಂದು ನಾನು ಹಟ ಹಿಡಿದೆ. ಇಂಜಿನ್ ಹೋದರೆ ಪಂಚಮಿಗೆ ಬರುವವರು ಯಾರು?

ಒಂದು ಪಂಚಮಿಗೆ ಅಣ್ಣ ಉಂಡಿ ತಿನ್ನದೆ ತಟ್ಟೆ ಸರಿಸಿದ. ಎಡದವಡೆಯಲ್ಲಿ ಹುಣ್ಣು ಎಂದ. "ಹಿಡಕಿ ಕಚ್ಚಿ ಕಚ್ಚಿ ಆಗೈತಿ" ಎಂದ. ನಮಗೆಲ್ಲ ಅದು ಸರಿಯೇ ಅನ್ನಿಸಿತು. ಮರದ ಹಿಡಿಕೆ, ಅದಕ್ಕೆ ಎಣ್ಣೆ, ಇಂಜಿನ್ನಿನ ಅದುರು, ಹುಣ್ಣಾಗದೆ ಇನ್ನೇನು? ಅದೇ ದವಡೆಯಲ್ಲಿ ಅವನು ಅಷ್ಟು ವರ್ಷಗಳಿಂದ ತಂಬಾಕು ಸುಣ್ಣ ಇಡುತ್ತಿದ್ದದ್ದು ನಮ್ಮ ಕಣ್ಣಿಗೇ ಬೀಳಲಿಲ್ಲ. ತಂಬಾಕು ಇಡದ ಬಾಯಿ ನಮ್ಮ ಕಡೆ ಎಷ್ಟಿವೆ? ಅಣ್ಣ ಹಿಡಿಕೆಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ, ಮೆತ್ತಗಿರಲೆಂದು. ನಾನು ಅರಿಸಿನ ತುಪ್ಪ ಕೊಟ್ಟೆ. ಅವನ ಹೆಂಡತಿ ಹುಣ್ಣಿಗೆ ದೃಷ್ಟಿ ತೆಗೆದಳು. ರೋಗ ಮನುಷ್ಯನಿಗೆ, ಔಷಧ ಸ್ಕ್ರೂಡ್ರೈವರಿಗೆ. ಈಗ ನೆನೆದರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸುತ್ತದೆ. ಕೈಲಾಗದವರು ಮೈ ಪರಚಿಕೊಂಡರಂತೆ, ಹಾಗೆ.

ಸೊಲ್ಲಾಪುರಕ್ಕೆ ಕರೆದೊಯ್ಯುವ ಹೊತ್ತಿಗೆ ಹುಣ್ಣು ಎಲುಬಿಗೆ ಇಳಿದಿತ್ತು. ದವಡೆಯ ಒಂದು ಪಾಲು ತೆಗೆದರು, ಹಲ್ಲುಗಳೂ ಹೋದವು, ನಾಲಿಗೆ ತಿರುಗದಾಯಿತು. ಆಮೇಲೆ ಕರೆಂಟಿನ ಶಾಖ ಕೊಟ್ಟರು. ಕಿವಿಯಲ್ಲಿ ಅಷ್ಟಿಷ್ಟು ಉಳಿದದ್ದೂ ಹೋಯಿತು. ಅಕ್ಷರ ಅಣ್ಣನಿಗೆ ಬರುತ್ತಿರಲಿಲ್ಲ, ಅಂಕಿ ಮತ್ತು ಸಹಿ ಅಷ್ಟೇ. ಅಷ್ಟು ಮಾತಿನ ಮನುಷ್ಯ ಎರಡು ಕೈಗಳಿಗೆ ಬಂದು ನಿಂತ.

ಆ ವರ್ಷ ನಮ್ಮ ಇಂಜಿನ್ನೂ ಸೋತಿತ್ತು. ಬಿಳಿ ಹೊಗೆ ಉಗುಳುತ್ತಿತ್ತು, ಹ್ಯಾಂಡಲ್ ತಿರುವಿದರೆ ಎದುರು ಒತ್ತುತ್ತಲೇ ಇರಲಿಲ್ಲ. ಬೇರೊಬ್ಬ ಮಿಸ್ತ್ರಿಯನ್ನು ಕರೆಸೋಣವೆಂದು ನಮ್ಮವರು ಅಂದರು. ಪಂಚಮಿಯ ಬೆಳಿಗ್ಗೆ ಅಣ್ಣ ಬಂದೇಬಿಟ್ಟ, ಮುಖದ ಅರ್ಧಕ್ಕೆ ಟವೆಲ್ ಸುತ್ತಿಕೊಂಡು, ಹೆಂಡತಿಯ ಕೈ ಹಿಡಿದು. ಪೆಟ್ಟಿಗೆ ಅವಳ ತಲೆಯ ಮೇಲಿತ್ತು. ಮೊದಲು ಖಣ ಮತ್ತು ಬಳೆ ತೆಗೆದು ಕೊಟ್ಟ. ಆಮೇಲೆ ಟೊಪ್ಪಿಗೆ ಮೊಳೆಗೆ ಹಾಕಿದ.

ಅವನ ಕೈಗೆ ಯಾವ ರೋಗವೂ ಬಂದಿರಲಿಲ್ಲ. ಸಿಲಿಂಡರಿನೊಳಗೆ ಹೊಸ ಲೈನರು ಇಳಿಸಿದ, ಪಿಸ್ಟನ್ನಿಗೆ ಹೊಸ ರಿಂಗುಗಳನ್ನು ಕೂರಿಸಿದ. ಪಿಸ್ಟನ್ ಮೇಲೆ ಬಂದಾಗ ತಲೆಗೆ ಎಷ್ಟು ಜಾಗ ಉಳಿಯುತ್ತದೆಂದು ನೋಡಲು ನಡುವೆ ಸೀಸದ ತಂತಿ ಇಟ್ಟು ತಿರುವಿ, ಚಪ್ಪಟೆಯಾದ ತಂತಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದ. ಕುಂಕುಮದ ಭರಣಿಗೆ ಕೈ ಚಾಚಿದ. ಕೆರೆದ, ಹಚ್ಚಿದ, ಮತ್ತೆ ಕೆರೆದ. ಹೋಳು ಕೆಂಪಾದಾಗ ನನ್ನತ್ತ ತೋರಿಸಿದ. 'ಮುತ್ತೈದಿ ಆತು' ಎಂಬ ಮಾತು ಬರಲಿಲ್ಲ. ನಾನೇ ಅಂದೆ. ಅವನಿಗೆ ಕೇಳಲಿಲ್ಲ.

ಸಂಜೆಗೆ ನಮ್ಮವರು ಹ್ಯಾಂಡಲ್ ತಿರುವಿದರು. ಕಲ್ಲಿಗೆ ಬೆಲ್ಟು ಹಾಕಿರಲಿಲ್ಲ, ಹಬ್ಬವಲ್ಲವೇ, ಬರೀ ಇಂಜಿನ್. ಕೀಲು ಬಿಟ್ಟೊಡನೆ ದಡ್ ಎಂದು ಎದ್ದಿತು. ಸದ್ದಿಗೆ ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಅಣ್ಣ ಸ್ಕ್ರೂಡ್ರೈವರ್ ತೆಗೆದ, ಮೊನೆಯನ್ನು ಇಂಜಿನ್ನಿಗಿಟ್ಟ. ಹಿಡಿಕೆ ಕಚ್ಚಲು ಹಲ್ಲುಗಳೇ ಇಲ್ಲ. ಆಮೇಲೆ ಬಾಗಿ ಹಿಡಿಕೆಯನ್ನು ಹಣೆಗೆ ಒತ್ತಿಕೊಂಡ.

ಬಾಗಿಲಲ್ಲಿದ್ದ ಪಕ್ಕದ ಮನೆಯ ಮುದುಕಿ ಕೈ ಮುಗಿದಳು. "ನೋಡ್ರವಾ, ಮಿಸ್ತ್ರಿ ಇಂಜಿನಕ್ಕ ಶರಣ ಮಾಡಾಕತ್ತಾನ. ಅನ್ನ ಕೊಟ್ಟ ದೇವರಲ್ಲೇನ" ಎಂದಳು. ಉಳಿದವರೂ ಕೈ ಮುಗಿದರು. ಅದು ಶರಣಲ್ಲ ಎಂದು ಆ ಹೆಂಗಸರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅವನು ಕೇಳಲು ನೋಡುತ್ತಿದ್ದ. ಹಣೆಯಾಯಿತು, ಕಿವಿಯ ಹಿಂದಿನ ಎಲುಬಾಯಿತು, ಕೊನೆಗೆ ಸ್ಕ್ರೂಡ್ರೈವರ್ ಬಿಸಾಕಿ ಹಣೆಯನ್ನೇ ಇಂಜಿನ್ನಿನ ಮೈಗೆ ಇಟ್ಟ. ಬಿಸಿ ತಾಕಿ ಹಿಂದೆ ಸರಿದ. ತಲೆ ಎತ್ತಿ ನನ್ನನ್ನು ನೋಡಿದ, ಅಂಗೈ ತಿರುಗಿಸಿ ಕೇಳಿದ, ಹೆಂಗೈತಿ?

ನಾನೇನು ಹೇಳಲಿ? ನನಗೆ ಅದು ದಡ್ ದಡ್ ಎನ್ನುವುದಷ್ಟೇ ಗೊತ್ತು. ಒಳಗೆ ಯಾವ ಸಾಮಾನು ಏನು ದೂರುತ್ತಿದೆ ಎಂದು ಕೇಳುವ ಕಿವಿ ನನ್ನದಲ್ಲ. ಜೀವಮಾನವೆಲ್ಲ ಅವನನ್ನು ಕೇಳಿದವಳು ನಾನು, ಈಗ ಅವನು ನನ್ನನ್ನು ಕೇಳುತ್ತಿದ್ದಾನೆ. ಛಲೋ ಐತಿ ಎಂದು ತಲೆ ಆಡಿಸಿದೆ. ಅವನು ನಂಬಲಿಲ್ಲ. ನನ್ನ ಮೇಲೆ ಸಿಟ್ಟಾಗಲೂ ಇಲ್ಲ. ಚಕ್ರ ತಿರುಗುವುದನ್ನೇ ನೋಡುತ್ತ ಕಟ್ಟೆಯ ಮೇಲೆ ಕುಳಿತ. ಹೆಂಡತಿ ಟೊಪ್ಪಿಗೆ ತಂದು ಅವನ ತಲೆಗೆ ಹಾಕಿದಳು.

ಅದೇ ಕೊನೆ. ಮುಂದಿನ ಆಷಾಢದಲ್ಲಿ ಅಣ್ಣ ಹೋದ. ನಾನು ಇಂಡಿಗೆ ಹೋಗಿ ಮುಖ ನೋಡಿಬಂದೆ.

ಪಂಚಮಿ ಬಂತು. ಹಬ್ಬದ ಹಿಂದಿನ ಸಂಜೆ ಬುಟ್ಟಿಗಳ ಸಾಲು ಮುಗಿಸಿ, ಇಂಜಿನ್ ಆರಿಸಿ, ಬಾಗಿಲು ಹಾಕಲು ಎದ್ದಿದ್ದೆ. ಅಣ್ಣನ ಹೆಂಡತಿ ಮೆಟ್ಟಿಲ ಕೆಳಗೆ ನಿಂತಿದ್ದಳು. ಬಳೆಯಿಲ್ಲದ ಕೈ, ಬರಿಹಣೆ, ಕಂಕುಳಲ್ಲಿ ಒಂದು ಚೀಲ. ಒಳಗೆ ಕರೆದರೆ, "ಹಬ್ಬದಾಗ ನಾ ಬರಬಾರದವಾ" ಎಂದಳು. ನಾನು ಬೈದು ಕೈ ಹಿಡಿದು ಎಳೆದು ತಂದೆ. ಕುಳಿತು ಸೆರಗಿನ ಅಂಚು ತಿರುವಿದಳು.

"ಜೀವಾ ಹೋಗೂ ಮುಂದ ದಿನಾ ಒಂದ ಕೈಸನ್ನಿ ಮಾಡತಿದ್ರು" ಎಂದಳು. "ಹಿಂಗ." ಅವಳು ಗಾಳಿಯಲ್ಲಿ ಹ್ಯಾಂಡಲ್ ತಿರುವಿದಳು. ಆಮೇಲೆ ಎಡಗೈ ಮಣಿಕಟ್ಟಿನ ಸುತ್ತ ಬೆರಳಿನಿಂದ ಬಳೆಯಂತೆ ಸುತ್ತು ಎಳೆದಳು. "ಹ್ಯಾಂಡಲ್ ಬೇಡತಾರಂತ ಪೆಟಿಗ್ಯಾಗಿಂದ ತಂದ ಕೈಯಾಗ ಕೊಟ್ಟಿವಿ. ಒಗದ್ರು. ಮತ್ತ ಬಳಿ ತೋರಸ್ತಿದ್ರು. ನಾ ತಿಳದೆ, ನನ್ನ ಬಳಿ ಒಡ್ಯೂ ದಿನಾ ಬಂತು ಅಂತ ಹೇಳಾಕತ್ತಾರಂತ. ಹಂಗ ಅನಬ್ಯಾಡ್ರಿ ಅಂತ ಅತಗೋತ ಎರಡೂ ಕೈ ಅಮಿಕಿ ಹಿಡೀತಿದ್ದೆ. ಅವರು ಹಾಸಗಿ ಬಡೀತಿದ್ರು. ಬಿಡಸ್ಕೊಂಡು ಮತ್ತ ಅದ ಸನ್ನಿ. ನಾ ಮತ್ತ ಹಿಡೀತಿದ್ದೆ."

ಅವಳು ಉಸಿರು ತೆಗೆದುಕೊಂಡಳು. "ನಿನ್ನೆ ನಮ್ಮ ಓಣ್ಯಾಗ ಹೆಣಮಕ್ಕಳು ಚೀಲಾ ಹಿಡಕೊಂಡು ತವರಿಗೆ ಹೊಂಟಿದ್ರು. ಆವಾಗ ತಿಳೀತು. ಗಿರಣಿ ತಂಗಿಗೆ ಬಳಿ. ಪಂಚಮಿ ತಪ್ಪಸಬ್ಯಾಡ ಅಂತ ಹೇಳಾಕತ್ತಿದ್ರು. ಅಷ್ಟ ಹೇಳಾಕ ಅಷ್ಟು ಬಡಕೊಂಡ್ರು, ನಾ ಕೈ ಹಿಡದ ಇಟ್ಟೆ."

ಅವಳು ಚೀಲದಿಂದ ಹಾಳೆಯ ಸುರುಳಿ ತೆಗೆದಳು. ನಾನು ಕೈ ಒಡ್ಡಿದೆ. ಅವಳು ಕೊಡಲಿಲ್ಲ. "ನನ್ನ ಕೈಲೆ ಕೊಡೂದು ಬರಂಗಿಲ್ಲ ತಂಗಿ" ಎಂದಳು. ಏನು ಬರಂಗಿಲ್ಲ, ಕೊಡ್ರಿ ಎಂದು ನಾನು ಜಗಳ ತೆಗೆದೆ. ಅವಳು ಕೇಳಲಿಲ್ಲ. ಎದ್ದು ಹೋಗಿ ಖಣ, ಬಳೆ ಎರಡನ್ನೂ ಇಂಜಿನ್ನಿನ ತಲೆಯ ಮೇಲೆ ಇಟ್ಟು ಹಿಂದೆ ಸರಿದು ನಿಂತಳು.

"ಈಗ ತಗೋ" ಎಂದಳು. "ಅವರ ಕೈಲೆ ಕೊಟ್ಟಂಗ ಆತು."

ಆಗಷ್ಟೇ ಆರಿಸಿದ ಇಂಜಿನ್. ಖಣ ಕೈಗೆ ಬಂದಾಗ ಬೆಚ್ಚಗಿತ್ತು.